ಎರೆಮಣ್ಣಿನಲ್ಲಿ ಗೊಂಚಲು ಗುಲಾಬಿ

"ನಮ್ ಬಿಸಲಿಗಿ ಗುಲಾಬಿ ತಡಿಯಂಗಿಲ್ರಿ." ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಹೂಗಿಡದ ಮಾತು ತೆಗೆದರೆ ಈ ತೀರ್ಪು ಬಂದೇ ಬರುತ್ತದೆ. ನಿಂಬರ್ಗಾದಲ್ಲಿ ಮೇ ತಿಂಗಳ ಮಧ್ಯಾಹ್ನ ಕಳೆದವರು ಅದನ್ನು ಒಪ್ಪದೇ ಇರುವುದೂ ಕಷ್ಟ. ಆದರೂ ಲೆಕ್ಕ ತಾಳೆಯಾಗುವುದಿಲ್ಲ. ದಿಲ್ಲಿಯ ಬೇಸಿಗೆ ನಮ್ಮದಕ್ಕಿಂತ ಮೃದುವೇನಲ್ಲ. ಅಲ್ಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲೇ ಭಾರತದ ಗುಲಾಬಿ ತಳಿಗಳ ದೊಡ್ಡ ಸಾಲು ಹುಟ್ಟಿತು. ಚಂಡೀಗಢದಲ್ಲಿ 1967ರಲ್ಲಿ ಶುರುವಾದ ಜಾಕಿರ್ ಹುಸೇನ್ ಗುಲಾಬಿ ಉದ್ಯಾನವೂ 40 ಡಿಗ್ರಿ ದಾಟುವ ಬಿಸಿಲು ಕಾಣುತ್ತದೆ. ಹಾಗಾದರೆ ನಮ್ಮ ಹಿತ್ತಲಲ್ಲಿ ಎರಡನೆಯ ವರ್ಷಕ್ಕೇ ಗಿಡ ಹಳದಿಗಟ್ಟಿ ಸೊರಗುವುದೇಕೆ? ಬಿಸಿಲಿಗಿಂತ ದೊಡ್ಡ ಆರೋಪಿ ಕಾಲಬುಡದಲ್ಲೇ ಇದೆ: ತೊಗರಿಗೆ ಜೀವ ಕೊಡುವ ನಮ್ಮ ಎರೆಮಣ್ಣು.

ಮೊದಲು ಗಿಡವನ್ನು ಪರಿಚಯ ಮಾಡಿಕೊಳ್ಳೋಣ. ಹೂಗುಚ್ಛದಲ್ಲಿ ಉದ್ದ ದಂಟಿನ ತುದಿಗೆ ಒಂದೇ ಹೂ ಹೊತ್ತು ನಿಲ್ಲುವುದು ಹೈಬ್ರಿಡ್ ಟೀ ಜಾತಿ. ಗೊಂಚಲು ಗುಲಾಬಿ, ಅಂದರೆ ಫ್ಲೋರಿಬಂಡಾ, ಹಾಗಲ್ಲ; ಒಂದೊಂದು ರೆಂಬೆಯ ತುದಿಯಲ್ಲೂ ಗೊಂಚಲು ಬಿಡುತ್ತದೆ. ಹೂ ಸಣ್ಣದು, ಪರಿಮಳ ಅನೇಕ ತಳಿಗಳಲ್ಲಿ ಅಷ್ಟಕ್ಕಷ್ಟೆ. ಆದರೆ ಗಿಡ ಗಿಡ್ಡಗೆ ಪೊದೆಯಾಗಿ ಹರಡಿ, ವರ್ಷದ ಬಹುಪಾಲು ಹೂವಿನಲ್ಲೇ ಇರುತ್ತದೆ. ಮನೆ ಪೂಜೆಗೆ, ಗಾಣಗಾಪುರಕ್ಕೆ ಹೋಗುವಾಗಿನ ಬುಟ್ಟಿಗೆ, ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೆ ಬಿಡಿಹೂ ಬೇಕೆನ್ನುವವರಿಗೆ ಇದಕ್ಕಿಂತ ಉಪಕಾರಿ ಗುಲಾಬಿ ಇನ್ನೊಂದಿಲ್ಲ.

ಬಿಸಿಲು ನಾಡಿಗೆ ಒಗ್ಗುವ ಈ ಗಿಡವನ್ನು ರೂಪಿಸಿದವರು ಚಳಿನಾಡಿನವರು ಎಂಬುದು ತಮಾಷೆಯ ಸಂಗತಿ. ಡೆನ್ಮಾರ್ಕಿನ ಪೌಲ್ಸೆನ್ ಮನೆತನದವರು ಗೊಂಚಲು ಬಿಡುವ ಪಾಲಿಯಾಂಥಾ ಗುಲಾಬಿಗೆ ಹೈಬ್ರಿಡ್ ಟೀ ಗುಲಾಬಿಯನ್ನು ಕೂಡಿಸಿದರು. ಅವರಲ್ಲಿ ಸ್ವೆಂಡ್ ಪೌಲ್ಸೆನ್ 1924ರಲ್ಲಿ ಹೊರತಂದ 'ಎಲ್ಸೆ ಪೌಲ್ಸೆನ್' ಹೆಸರಾಯಿತು. ಈ ಬಗೆಗೆ ಫ್ಲೋರಿಬಂಡಾ ಎಂಬ ಹೆಸರಿಟ್ಟು ಮಾರಿದ್ದು ಅಮೆರಿಕದ ಜಾಕ್ಸನ್ ಅಂಡ್ ಪರ್ಕಿನ್ಸ್ ನರ್ಸರಿ. 1958ರಲ್ಲಿ ಜರ್ಮನಿಯ ಕೋರ್ಡೆಸ್ ಸಂಸ್ಥೆ ತಂದ ಬಿಳಿ 'ಐಸ್‌ಬರ್ಗ್' ಇಂದಿಗೂ ಲೋಕವಿಡೀ ಬೆಳೆಯುತ್ತಿದೆ. ನಮ್ಮಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಗೋಧಿ ತಳಿವಿಜ್ಞಾನಿ ಬಿ. ಪಿ. ಪಾಲ್. ಕಪ್ಪು ಕುಂಕುಮ ರೋಗಕ್ಕೆ ಜಗ್ಗದ ಗೋಧಿ ಹುಡುಕುತ್ತಿದ್ದ ಮನುಷ್ಯ ಬಿಡುವಿನಲ್ಲಿ ಗುಲಾಬಿ ಕೂಡಿಸುತ್ತಿದ್ದರು. 'ದೆಹಲಿ ಪ್ರಿನ್ಸೆಸ್', 'ಬಂಜಾರನ್', ಚಾಕೊಲೇಟ್ ಬಣ್ಣದ 'ಮೋಹಿನಿ' ಇವೆಲ್ಲ ಅವರ ಫ್ಲೋರಿಬಂಡಾಗಳು. ದಿಲ್ಲಿಯ ಬಿಸಿಲಿನಲ್ಲೇ ಪರೀಕ್ಷೆ ಪಾಸಾದವು.

ಫ್ಲೋರಿಬಂಡಾ ಬಿಡುವಿಲ್ಲದೆ ಹೂಬಿಡುವುದರ ಗುಟ್ಟು ಒಂದು ಕೆಟ್ಟುಹೋದ ಜೀನಿನಲ್ಲಿದೆ. ಕಾಡುಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಹೂಬಿಟ್ಟು ಸುಮ್ಮನಾಗುತ್ತವೆ. ಅವುಗಳಲ್ಲಿ ಕೆಎಸ್‌ಎನ್ ಎಂಬ ಜೀನು ಹೂವನ್ನು ತಡೆಹಿಡಿದು 'ಈಗ ಬರೀ ಬೆಳೆ' ಎಂದು ಚಿಗುರಿಗೆ ಅಪ್ಪಣೆ ಕೊಡುತ್ತದೆ. ಚೀನಾದ ಗುಲಾಬಿಯಲ್ಲಿ ಎಂದೋ ಒಂದು ಅಲೆಮಾರಿ ಡಿಎನ್‌ಎ ತುಣುಕು ಈ ಜೀನಿನ ನಡುವೆ ಬಂದು ಕುಳಿತು ಅದರ ಬಾಯಿ ಕಟ್ಟಿಬಿಟ್ಟಿತು. ಜಪಾನ್ ಮತ್ತು ಫ್ರಾನ್ಸಿನ ಸಂಶೋಧಕರು ಇದನ್ನು 2012ರಲ್ಲಿ ತೋರಿಸಿಕೊಟ್ಟರು. ಆ ಚೀನೀ ಗುಲಾಬಿ 18ನೇ ಶತಮಾನದ ಕೊನೆಯಲ್ಲಿ ಯುರೋಪು ಮುಟ್ಟಿ ಅಲ್ಲಿಯ ತಳಿಗಳಲ್ಲಿ ಬೆರೆಯಿತು. ಫ್ಲೋರಿಬಂಡಾದ ಮೈಯಲ್ಲಿ ಹರಿಯುವುದೂ ಅದೇ ರಕ್ತ. ತಡೆಯುವವರೇ ಇಲ್ಲದ್ದರಿಂದ ಹೊಸ ಚಿಗುರು ಬೆಳೆದು ಬೆಳೆದು ಹೂವಿನಲ್ಲೇ ಮುಗಿಯುತ್ತದೆ.

ಆರೈಕೆಯ ಮೊದಲ ಪಾಠ ಇದರಿಂದಲೇ ಹೊರಡುತ್ತದೆ. ಹೂ ಬೇಕಾದರೆ ಹೊಸ ಚಿಗುರು ಬೇಕು, ಚಿಗುರು ಬೇಕಾದರೆ ಕತ್ತರಿ ಬೇಕು. ಬಾಡಿದ ಗೊಂಚಲನ್ನು ಗಿಡದಲ್ಲೇ ಬಿಟ್ಟರೆ ಕಾಯಿ ಕಟ್ಟುತ್ತದೆ, ಗಿಡದ ಆಹಾರವೆಲ್ಲ ಬೀಜಕ್ಕೆ ಹೋಗುತ್ತದೆ. ಗೊಂಚಲಿನಿಂದ ಕೆಳಗೆ ಬೆರಳಾಡಿಸುತ್ತ ಬನ್ನಿ: ಮೊದಲು ಒಂದೋ ಮೂರೋ ಎಸಳಿನ ಎಲೆಗಳು, ಆಮೇಲೆ ಐದೆಸಳಿನ ಪೂರ್ಣ ಎಲೆ. ಆ ಎಲೆಯ ಕಂಕುಳಲ್ಲಿ ಕೆಂಪಗೆ ಉಬ್ಬಿದ ಮೊಗ್ಗು ಹೊರಮುಖವಾಗಿದ್ದರೆ ಅದರ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಿ. ಆರೇಳು ವಾರಕ್ಕೆ ಅಲ್ಲಿ ಹೊಸ ಗೊಂಚಲು ಇರುತ್ತದೆ. ಇನ್ನೊಂದು ಉಪಾಯವೂ ಉಂಟು. ಗೊಂಚಲಿನ ನಟ್ಟನಡುವಿನ ಮೊಗ್ಗು ಎಲ್ಲಕ್ಕಿಂತ ಮೊದಲು ಅರಳಿ, ಉಳಿದವು ಅರಳುವ ಹೊತ್ತಿಗೆ ಒಣಗಿ ಗೊಂಚಲಿನ ಅಂದ ಕೆಡಿಸುತ್ತದೆ. ಅದು ಬಟಾಣಿ ಕಾಳಿನಷ್ಟಿರುವಾಗಲೇ ಚಿವುಟಿದರೆ ಉಳಿದವು ಹೆಚ್ಚುಕಡಿಮೆ ಒಟ್ಟಿಗೆ ಅರಳುತ್ತವೆ. ಹೈಬ್ರಿಡ್ ಟೀಯಲ್ಲಿ ಪಕ್ಕದ ಮೊಗ್ಗು ತೆಗೆದು ನಡುವಿನದನ್ನು ಉಳಿಸುತ್ತಾರೆ, ಇಲ್ಲಿ ಉಲ್ಟಾ.

ಈಗ ಮಣ್ಣಿಗೆ ಬರೋಣ. ನಮ್ಮ ಎರೆ ದಖ್ಖನ್ನಿನ ಬಸಾಲ್ಟ್ ಕಲ್ಲು ಕರಗಿ ಆದದ್ದು. ಆ ಕಲ್ಲಿನಿಂದ ಬಿಡುಗಡೆಯಾದ ಕ್ಯಾಲ್ಸಿಯಂ, ಕಡಿಮೆ ಮಳೆಯ ಸೀಮೆಯಾದ್ದರಿಂದ ಕೊಚ್ಚಿಹೋಗದೆ ಸುಣ್ಣದ ಹರಳಾಗಿ ಮಣ್ಣಿನಲ್ಲೇ ಉಳಿದಿದೆ. ಒಂದು ಹಿಡಿ ಒಣಮಣ್ಣಿಗೆ ನಿಂಬೆರಸವನ್ನೋ ವಿನೆಗರನ್ನೋ ಹಾಕಿ ಕಿವಿಗೊಡಿ. ಚುರ್ ಎಂದು ನೊರೆ ಎದ್ದರೆ ಸುಣ್ಣ ಇದೆ ಎಂದೇ ಅರ್ಥ. ಗುಲಾಬಿ ಬಯಸುವ ರಸಸಾರ 6ರಿಂದ 7ರೊಳಗೆ. ನಮ್ಮ ಎರೆ ಸಾಮಾನ್ಯವಾಗಿ 8ರ ಆಚೀಚೆ. ಬಸಾಲ್ಟಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಮಣ್ಣಿನಲ್ಲೂ ಬೇಕಾದಷ್ಟಿದೆ. ಆದರೆ ಇಷ್ಟು ಕ್ಷಾರದಲ್ಲಿ ಅದು ನೀರಿನಲ್ಲಿ ಕರಗುವುದಿಲ್ಲ. ಕರಗದ್ದನ್ನು ಬೇರು ಹೀರಲಾರದು. ಕೊಳವೆಬಾವಿಯ ಗಡಸು ನೀರು ಸುಣ್ಣವನ್ನು ಇನ್ನಷ್ಟು ಕೂಡಿಸುತ್ತದೆ.

ಗುರುತು ಸುಲಭ. ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಗಳಾಗಿ ಎದ್ದು ಕಂಡರೆ ಅದು ಕಬ್ಬಿಣದ ಹಸಿವು. ಬುಡದ ಹಳೆ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಕಬ್ಬಿಣದ ಹಸಿವನ್ನು ಸಾರಜನಕದ ಕೊರತೆ ಎಂದು ತಿಳಿದು ಯೂರಿಯಾ ಸುರಿಯುವುದೇ ನಮ್ಮಲ್ಲಿ ಹೆಚ್ಚು. ಅಂಗಡಿಯ ಅನ್ನಭೇದಿಯನ್ನು ಎರೆಗೆ ಬೆರೆಸಿದರೂ ದುಡ್ಡು ದಂಡ. ಸುಣ್ಣದ ಮಣ್ಣು ಅದನ್ನು ಬೇಗ ತುಕ್ಕಾಗಿಸಿಬಿಡುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಜೊತೆಗೆ ಚಿಟಿಕೆ ಸಿಟ್ರಿಕ್ ಆಸಿಡ್ ಹಾಕಿ ಸಂಜೆ ಎಲೆಗೆ ಸಿಂಪಡಿಸಿದರೆ ಹೊಸ ಎಲೆ ಹಸಿರಾಗುತ್ತದೆ, ಆದರೆ ಮತ್ತೆ ಮತ್ತೆ ಮಾಡಬೇಕು. ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ಬಗೆಯ ಕಬ್ಬಿಣದ ಚೀಲೇಟ್ ಕೇಳಿ ತನ್ನಿ. ಅಗ್ಗದ ಇಡಿಟಿಎ ಬಗೆ ಈ ರಸಸಾರದಲ್ಲಿ ನಿಲ್ಲುವುದಿಲ್ಲ. ಒಲೆಯ ಬೂದಿ ಗುಲಾಬಿಗೆ ಒಳ್ಳೆಯದೆಂದು ಹೇಳುವವರಿದ್ದಾರೆ. ಹುಳಿಮಣ್ಣಿನ ಮಲೆನಾಡಿಗೆ ಆ ಮಾತು ಸರಿ. ಬೂದಿ ಕ್ಷಾರ, ನಮಗೆ ಬೇಡ.

ಎರೆಯ ಎರಡನೆಯ ಗುಣ ಉಬ್ಬುವುದು, ಕುಗ್ಗುವುದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆಬೇರನ್ನು ಹರಿಯುತ್ತದೆ, ಮಳೆಯಲ್ಲಿ ಊದಿ ಗಾಳಿಯ ದಾರಿ ಮುಚ್ಚುತ್ತದೆ. ಸೆಪ್ಟೆಂಬರಿನ ಜಡಿಮಳೆಯಲ್ಲಿ ನಾಲ್ಕು ದಿನ ನೀರು ನಿಂತರೆ ಉಸಿರಿಲ್ಲದೆ ಬೇರು ಕೊಳೆಯುತ್ತದೆ. ಎರಡಡಿ ಗುಂಡಿ ತೋಡಿ ಕೆಂಪುಮಣ್ಣು ತುಂಬುವುದು ರೂಢಿ. ಆದರೆ ಸುತ್ತಲೂ ನೀರಿಳಿಯದ ಜಿಗಟು ಮಣ್ಣಿದ್ದರೆ ಆ ಗುಂಡಿ ಬೋಗುಣಿಯಂತೆ ನೀರು ಹಿಡಿದಿಡುತ್ತದೆ. ಅದಕ್ಕಿಂತ ನೆಲದ ಮೇಲೆಯೇ ಒಂದೂವರೆ ಅಡಿ ಎತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟುವುದು ಮೇಲು. ತಳಕ್ಕೆ ಗರಸು, ಮೇಲೆ ಕೆಂಪುಮಣ್ಣು, ಅದಕ್ಕೆ ಮೂರರಲ್ಲೊಂದು ಪಾಲು ಕಳಿತ ತಿಪ್ಪೆಗೊಬ್ಬರ. ಬೀದರ ಕಡೆಯ ಜಂಬಿಟ್ಟಿಗೆಯ ಮಣ್ಣು ಸಿಕ್ಕರಂತೂ ಬಲು ಒಳ್ಳೆಯದು. ಸುಣ್ಣ ಬಳಿದ ಗೋಡೆಗೆ, ಸಿಮೆಂಟ್ ಕೆಲಸದ ಚೂರು ಬಿದ್ದ ಜಾಗಕ್ಕೆ ಅಂಟಿಸಿ ಮಾತ್ರ ನೆಡಬೇಡಿ. ಜಾಗ ಮುಂಜಾನೆ ಬಿಸಿಲಿನದಾಗಿದ್ದು, ಮಧ್ಯಾಹ್ನದ ಮೇಲೆ ಬೇವಿನದೋ ಗೋಡೆಯದೋ ನೆರಳು ಬೀಳುವಂತಿರಲಿ.

ದೊಡ್ಡ ಕತ್ತರಿ ಪ್ರಯೋಗಕ್ಕೆ ಮಳೆ ಹಿಂದೆಗೆದ ಅಕ್ಟೋಬರ್ ನಡುಭಾಗವೇ ತಕ್ಕ ಕಾಲ. ಫ್ಲೋರಿಬಂಡಾವನ್ನು ಬೋಳು ಮಾಡಬಾರದು; ಎತ್ತರದ ಮೂರರಲ್ಲೊಂದು ಪಾಲು, ಹೆಚ್ಚೆಂದರೆ ಅರ್ಧ. ಒಣಕಡ್ಡಿ, ಒಳಮುಖದ ಕಡ್ಡಿ ತೆಗೆದು ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿದರೆ ತುದಿಯಿಂದ ಒಣಗುವ ರೋಗ ಕೆಳಗಿಳಿಯುವುದಿಲ್ಲ. ಡಿಸೆಂಬರ್ ಹೊತ್ತಿಗೆ ವರ್ಷದ ಅತ್ಯುತ್ತಮ ಹೂ. ಏಪ್ರಿಲ್, ಮೇ ತಿಂಗಳಲ್ಲಿ ಹೂ ಸಣ್ಣದಾಗುತ್ತದೆ, ಬಣ್ಣ ಮಾಸುತ್ತದೆ. ಆಗ ಗೊಬ್ಬರ ನಿಲ್ಲಿಸಿ, ಬುಡಕ್ಕೆ ತೊಗರಿ ಹೊಟ್ಟು ಹೊದಿಸಿ ನೀರಷ್ಟೇ ಕೊಡಿ.

ಕೀಟಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಸಿಲಿನಲ್ಲಿ ದಳದ ಅಂಚು ಕಂದಾದರೆ ಥ್ರಿಪ್ಸ್, ಎಲೆ ಮಂಕಾಗಿ ಕೆಳಗೆ ಬಲೆ ಕಂಡರೆ ಮೈಟ್ ನುಸಿ. ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿದರೆ ನುಸಿ ಬಹಳಷ್ಟು ಇಳಿಯುತ್ತದೆ. ಮಳೆಗಾಲದ ಕಪ್ಪುಚುಕ್ಕೆ ರೋಗ ಹತ್ತಲು ಎಲೆ ಗಂಟೆಗಟ್ಟಲೆ ಒದ್ದೆಯಿರಬೇಕು. ಹಾಗಾಗಿ ನೀರು ಬುಡಕ್ಕೆ, ಅದೂ ಮುಂಜಾನೆ.

ಕೊನೆಗೊಂದು ಮಾತು. ನರ್ಸರಿಯ ಗುಲಾಬಿ ಸಾಮಾನ್ಯವಾಗಿ ಎರಡು ಗಿಡಗಳ ಕಸಿ: ಮೇಲಿನದು ಹೂ ಕೊಡುತ್ತದೆ, ಕೆಳಗಿನದು ಮಣ್ಣಿನೊಡನೆ ಏಗುತ್ತದೆ. ಮಲ್ಟಿಫ್ಲೋರಾ ಬೇರು ಸುಣ್ಣದ ಮಣ್ಣಿಗೆ ಸೋಲುತ್ತದೆ. ಇಂಡಿಕಾ ಓಡೊರಾಟಾ ಬೇರು ತಡೆಯುತ್ತದೆ. ದೂರದ ನರ್ಸರಿಯಿಂದ ಕೆಂಪುಮಣ್ಣಿನ ಪಾಕೀಟಿನಲ್ಲಿ ಬಂದ ಗಿಡ ಕೆಲವು ತಿಂಗಳು ನಳನಳಿಸಿ, ಬೇರು ಎರೆಗಿಳಿದ ಮೇಲೆ ಹಳದಿಯಾಗುವುದರ ಹಿಂದೆ ಬಹಳ ಸಲ ಇದೇ ಕಾರಣ. ಮುಂದಿನ ಸಲ ಗಿಡ ಕೊಳ್ಳುವಾಗ ಹೂವಿನ ಬಣ್ಣ ಆಮೇಲೆ ಕೇಳಿ, ಕಸಿ ಗಂಟಿನ ಕೆಳಗಿರುವ ಬೇರು ಯಾವುದೆಂದು ಮೊದಲು ಕೇಳಿ.