ತ್ಯಾಗದ ಇನ್ನೊಂದು ಅರ್ಧ

ಇಟಲಿಯ ಮಕ್ಕಳ ವೈದ್ಯೆ ಜಿಯಾನ್ನಾ ಬೆರೆತ್ತಾ ಮೊಲ್ಲಾ ಅವರು ನಾಲ್ಕನೆಯ ಮಗುವನ್ನು ಹೊತ್ತಿದ್ದಾಗ, 1961ರಲ್ಲಿ, ಗರ್ಭಕೋಶದಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಗರ್ಭಕೋಶವನ್ನೇ ತೆಗೆಸಲು ಅವರು ಒಪ್ಪಲಿಲ್ಲ. ಶಿಶು ಉಳಿಯಲೆಂದು ಗೆಡ್ಡೆಯನ್ನಷ್ಟೇ ತೆಗೆಸಿಕೊಂಡರು. 1962ರ ಏಪ್ರಿಲ್ 21ರಂದು ಹೆಣ್ಣುಮಗು ಜನಿಸಿತು. ಏಳು ದಿನಗಳ ತರುವಾಯ, 39ರ ಪ್ರಾಯದಲ್ಲಿ, ತಾಯಿ ದೈವಾಧೀನರಾದರು.

ಪರರ ಒಳಿತನ್ನು ಇಚ್ಛಿಸುವುದೇ ಪ್ರೀತಿಯೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಪ್ರೀತಿಯು ಭಾವಾವೇಶವಲ್ಲ, ಸಂಕಲ್ಪ. ಆದರೆ ಆ ಸಂಕಲ್ಪಕ್ಕೆ ಬೆಲೆ ತೆತ್ತವರು ತಾಯಿಯೊಬ್ಬರೇ ಅಲ್ಲ. ಪತಿ ಪಿಯೆತ್ರೊ ನಾಲ್ಕು ಮಕ್ಕಳ ಪಾಲನೆಯ ಹೊಣೆ ಹೊತ್ತರು; 1964ರಲ್ಲಿ ಮಗಳು ಮರಿಯೊಲಿನಾಳನ್ನೂ ಕಳೆದುಕೊಂಡರು. 2004ರ ಮೇ 16ರಂದು ಜಗದ್ಗುರು ಎರಡನೇ ಜಾನ್ ಪಾಲರು ಜಿಯಾನ್ನಾ ಅವರನ್ನು ಸಂತರೆಂದು ಘೋಷಿಸಿದಾಗ, 91ರ ಆ ವೃದ್ಧರು ಅಲ್ಲಿದ್ದರು.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಲ್ಲಿಯೂ ಹೀಗೆ ಮೌನವಾಗಿ ಹೊರೆ ಹೊತ್ತವರಿದ್ದಾರೆ. ಈ ಭಾನುವಾರ ಬಲಿಪೂಜೆಯ ನಂತರ ಅಂಥವರೊಬ್ಬರ ಮನೆಯ ಬಾಗಿಲು ತಟ್ಟೋಣ.