ಕಿವಿಗೆ ಬಡ್ಸ್, ಅದಕ್ಕೂ ಮೊದಲು ಪರೀಕ್ಷೆ

ನನ್ನ ಬಲಗಿವಿಯಲ್ಲಿ 42 ಡೆಸಿಬೆಲ್, ಎಡಗಿವಿಯಲ್ಲಿ 46 ಡೆಸಿಬೆಲ್ ಶ್ರವಣದೋಷವಿದೆ. ಥಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್‌ಗಳ ನಡುವೆ ಆಯುಷ್ಯ ಕಳೆದು ನಿವೃತ್ತನಾದವನು ನಾನು. ಆಗ ನಮಗಿದ್ದ ರಕ್ಷಣೆ ಕಿವಿಗೆ ತುರುಕಿಕೊಳ್ಳುತ್ತಿದ್ದ ಹತ್ತಿ ಮಾತ್ರ. ಈಗ ಡೊಂಬಿವಲಿ ಪೂರ್ವದಲ್ಲಿ ಮನೆ. ಎದುರಿಗೆ ಕೂತು ಒಬ್ಬರೇ ಮಾತಾಡಿದರೆ ನನಗೆ ಎಲ್ಲ ಕೇಳುತ್ತದೆ. ಮಿಕ್ಸರ್ ತಿರುಗುವಾಗ ಹೆಂಡತಿ ಅಡುಗೆಮನೆಯಿಂದ ಏನಾದರೂ ಕೇಳಿದರೆ ದನಿ ಬರುತ್ತದೆ, ಮಾತು ಬರುವುದಿಲ್ಲ.

ಇದಕ್ಕೆ ಕಾರಣವಿದೆ. ಗದ್ದಲದಲ್ಲಿ ದುಡಿದವರ ಕಿವಿಯಲ್ಲಿ ಮೊದಲು ಹಾಳಾಗುವುದು 4000 ಹರ್ಟ್ಸ್ ಆಸುಪಾಸಿನ ಎತ್ತರದ ಸದ್ದನ್ನು ಹಿಡಿಯುವ ಕೋಶಗಳು. ವಯಸ್ಸು ಕೂಡ ಅದೇ ಕಡೆಯಿಂದ ತಿನ್ನುತ್ತ ಬರುತ್ತದೆ. ಅ, ಆ, ಓ ಥರದ ಸ್ವರಗಳು ತಗ್ಗಿನ ಕಂಪನದವು, ಅವು ಉಳಿಯುತ್ತವೆ. ಸ, ಶ, ತ, ಕ ಮುಂತಾದವು ಎತ್ತರದವು, ಅವು ಉದುರುತ್ತವೆ. ಹಾಗಾಗಿ ಗದ್ದಲದ ನಡುವೆ ನನಗೆ ಹಾಲು, ಸಾಲು, ಕಾಲು ಮೂರೂ ಒಂದೇ. ಮನೆಯವರು ಬೇಸರದಿಂದ ಕೂಗಿ ಹೇಳಿದರೆ ಕೇಳುತ್ತಿದ್ದ ಸ್ವರವೇ ಇನ್ನಷ್ಟು ದೊಡ್ಡದಾಗುತ್ತದೆ, ಕಳೆದುಹೋದ ವ್ಯಂಜನ ವಾಪಸ್ಸು ಬರುವುದಿಲ್ಲ. ಕಿವಿ ಕೇಳದವರ ಮನೆಗಳಲ್ಲಿ ಅರ್ಧ ಜಗಳ ಹುಟ್ಟುವುದೇ ಇದು ಗೊತ್ತಿಲ್ಲದ್ದರಿಂದ. ಒಳ್ಳೆಯ ಶ್ರವಣಯಂತ್ರ ಎಲ್ಲ ಸದ್ದನ್ನೂ ಏರಿಸುವುದಿಲ್ಲ. ಯಾವ ಕಂಪನದಲ್ಲಿ ಎಷ್ಟು ಕೊರತೆಯೋ ಅಲ್ಲಿ ಅಷ್ಟನ್ನು ತುಂಬುತ್ತದೆ.

ನನ್ನಂಥವರಿಗೆ ಆ ಯಂತ್ರ ಸಿಗುವ ದಾರಿ ಮಾತ್ರ ಇಕ್ಕಟ್ಟಿನದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಮಂದಶ್ರವಣ, ಅದರ ಮೇಲೆ ಕಿವುಡು. 42, 46ಕ್ಕೆ ಪ್ರಮಾಣಪತ್ರವಿಲ್ಲ, ಆದ್ದರಿಂದ ಆ ದಾರಿಯ ಸವಲತ್ತೂ ಇಲ್ಲ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಹಿರಿಯರಿಗೆ ಶ್ರವಣಯಂತ್ರ ಪುಕ್ಕಟೆಯಾಗಿ ಕೊಡುತ್ತಾರೆ. ಅದು ಬಡತನ ರೇಖೆಯ ಕೆಳಗಿನವರಿಗೆ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದವರಿಗೆ. ಪಿಂಚಣಿ, ಬ್ಯಾಂಕಿನ ಬಡ್ಡಿ ಸೇರಿಸಿದರೆ ನಾನು ಆ ಗೆರೆ ದಾಟುತ್ತೇನೆ. ಅಂಗಡಿಗೆ ಹೋದರೆ, ಜಿಎಸ್‌ಟಿ ಇಲ್ಲದಿದ್ದರೂ, ಕಿವಿಯೊಂದಕ್ಕೆ ಹದಿನೈದು ಇಪ್ಪತ್ತು ಸಾವಿರದಿಂದ ಶುರುವಾಗಿ ಜೋಡಿಗೆ ಲಕ್ಷಗಳವರೆಗೆ ಹೋಗುತ್ತದೆ. ಡೊಂಬಿವಲಿ, ಕಲ್ಯಾಣದ ಚಾಳು ಮತ್ತು ಸೊಸೈಟಿಗಳಲ್ಲಿ ಹೀಗೆ ಕಾಯ್ದೆಗೂ ಕಿಸೆಗೂ ನಡುವೆ ಸಿಕ್ಕಿಕೊಂಡ ನಿವೃತ್ತರು ಅನೇಕರಿದ್ದಾರೆ. ಹಾಡು ಕೇಳಲು ಕಿವಿಯೊಳಗೆ ಇಟ್ಟುಕೊಳ್ಳುವ ವೈರಿಲ್ಲದ ಇಯರ್‌ಫೋನ್, ಅಂದರೆ ಬಡ್ಸ್, ಪ್ರಯೋಜನಕ್ಕೆ ಬರುವುದು ಸರಿಯಾಗಿ ಇವರಿಗೇ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಅಕ್ಟೋಬರ್ 17ರಿಂದ, ಅಲ್ಪ ಮತ್ತು ಮಧ್ಯಮ ಶ್ರವಣದೋಷವಿರುವ 18 ವರ್ಷ ಮೀರಿದವರು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲೇ ಶ್ರವಣಯಂತ್ರ ಕೊಳ್ಳಬಹುದೆಂದು ನಿಯಮ ಮಾಡಿತು. ಅದೇ ವರ್ಷ ತೈವಾನಿನ ತೈಪೆ ವೆಟರನ್ಸ್ ಜನರಲ್ ಆಸ್ಪತ್ರೆಯ ತಂಡ 21 ಜನರ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ನಿಶ್ಶಬ್ದ ಕೋಣೆಯಲ್ಲಾದರೆ ಐಫೋನ್ ಕಂಪನಿಯವರ ಬಡ್ಸ್ ಆದ ಏರ್‌ಪಾಡ್ಸ್ ಪ್ರೊ ಸಾಧಾರಣ ಶ್ರವಣಯಂತ್ರಕ್ಕೆ ಸರಿಸುಮಾರು ಸಮನೆಂದು ಕಂಡುಬಂತು. 2024ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಏರ್‌ಪಾಡ್ಸ್ ಪ್ರೊ 2ರ ಶ್ರವಣಯಂತ್ರ ಸಾಫ್ಟ್‌ವೇರಿಗೆ ಒಪ್ಪಿಗೆ ಕೊಟ್ಟಿತು. ಚೀಟಿಯಿಲ್ಲದೆ ಸಿಗುವ ಇಂಥ ಸಾಫ್ಟ್‌ವೇರಿಗೆ ಅದು ಮೊದಲ ಒಪ್ಪಿಗೆ.

ಆ ಸೌಲಭ್ಯ ಆಗ ಭಾರತದಲ್ಲಿ ತೆರೆದಿರಲಿಲ್ಲ. ಬೆಂಗಳೂರಿನ ಋತ್ವಿಕ್ ಜಯಸಿಂಹ ತನ್ನ ಅಜ್ಜಿಗೆಂದು ಏರ್‌ಪಾಡ್ಸ್ ತಂದ ಮೇಲೆ ಇದು ಗೊತ್ತಾಯಿತು. ಆತ ಮತ್ತು ಗೆಳೆಯರು ಅಲ್ಯುಮಿನಿಯಂ ಹಾಳೆಯಿಂದ ಹೊರಗಿನ ರೇಡಿಯೋ ಅಲೆ ತಾಕದಂಥ ಪಂಜರ ಕಟ್ಟಿದರು. ಕ್ಯಾಲಿಫೋರ್ನಿಯಾದ ವೈಫೈ ಹೆಸರುಗಳನ್ನು ಒಳಗೆ ಬಿತ್ತರಿಸಿ, ತಾನು ಅಮೆರಿಕದಲ್ಲಿದ್ದೇನೆಂದು ಸಾಧನ ನಂಬುವಂತೆ ಮಾಡಿದರು. 2024ರ ನವೆಂಬರಿನಲ್ಲಿ ಆ ಸುದ್ದಿ ಓದಿದಾಗ ನನಗೆ ಆ ಹುಡುಗರ ಮೇಲೆ ಅಭಿಮಾನ ಉಕ್ಕಿತು. ಅಜ್ಜಿಗೆ ಮಾತು ಕೇಳಲಿ ಎಂದು ಇಷ್ಟು ತಲೆ ಓಡಿಸಿದ್ದಾರಲ್ಲ! ನೀವು ಕೊಳ್ಳುವಾಗ ಅಂಥ ಸಾಹಸ ಬೇಡ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಸೌಲಭ್ಯ ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ತೋರಿಸಲು ಹೇಳಿ, ಆಮೇಲೆ ದುಡ್ಡು ಕೊಡಿ.

ನನ್ನ ಕಿವಿಗೆ ಬಡ್ಸ್ ಬಂದದ್ದು ಮಗನಿಂದ. ಐರೋಲಿಯಲ್ಲಿ ಕೆಲಸ ಮಾಡುವ ಅವನು ತನ್ನ ಹಳೆಯ ಐಫೋನ್ ಮತ್ತು ಏರ್‌ಪಾಡ್ಸ್ ಪ್ರೊ ಕೊಟ್ಟ. ನಾನು ಮೊದಲು ಪರೀಕ್ಷೆ ಮಾಡಿಸಿಕೊಂಡೆ. ಸದ್ದು ಒಳಬರದ ಕೋಣೆಯಲ್ಲಿ ಕೂಡಿಸಿ, ಒಂದೊಂದು ಕಂಪನದ ಸಣ್ಣ ಸದ್ದು ಕೇಳಿಸಿ, ಕೇಳಿದಾಗ ಗುಂಡಿ ಒತ್ತು ಎನ್ನುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು ಹಾಕಿದ ನಕ್ಷೆ ಕೈಗೆ ಬರುತ್ತದೆ. ಅದೇ ಆಡಿಯೋಗ್ರಾಂ. ಅದರ ಫೋಟೋ ತೆಗೆದು ಫೋನಿಗೆ ಕೊಟ್ಟರೆ, ಬಡ್ಸ್ ಅದರಂತೆ ಹೊರಗಿನ ಸದ್ದನ್ನು ಹೊಂದಿಸಿಕೊಳ್ಳುತ್ತದೆ. ಹೊಂದಿಸಿದ ಸಂಜೆ ಹೆಂಡತಿ ಬೆನ್ನ ಹಿಂದಿನಿಂದ "ಸಾರಿಗೆ ಒಗ್ಗರಣಿ ಹಾಕ್ಲೇನ್ರೀ?" ಅಂದಳು. ತಿರುಗಿ ನೋಡದೆ "ಹಾಕು" ಅಂದೆ. ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಖ ನೋಡಿದಳು.

ಇದರ ದೊಡ್ಡ ಉಪಕಾರ ನನಗೆ ಕಂಡದ್ದು ಲೋಕಲ್ ಟ್ರೇನಿನಲ್ಲಿ. ಕಿವಿಯ ಹಿಂದೆ ಯಂತ್ರ ಸಿಕ್ಕಿಸಿಕೊಂಡು ಹೋದರೆ ಜನ ನೋಡುತ್ತಾರೆಂದು ನನ್ನ ಓರಗೆಯವರು ಕೊಂಡ ಯಂತ್ರವನ್ನೇ ಕಪಾಟಿನಲ್ಲಿ ಇಟ್ಟಿದ್ದಾರೆ. ಡೊಂಬಿವಲಿಯಿಂದ ಹೊರಡುವ ಡಬ್ಬಿಯಲ್ಲಿ ಎಲ್ಲರ ಕಿವಿಯಲ್ಲೂ ಬಡ್ಸ್ ಇರುತ್ತದೆ, ಅವರ ನಡುವೆ ನಾನೂ ಒಬ್ಬ. ಆದರೆ ಹಿರಿಯರ ಮುಂದೆ ಇದು ಇನ್ನೊಂದು ಥರದ ತೊಂದರೆ ತರುತ್ತದೆ. ವಾಶಿಯ ಮದುವೆಯಲ್ಲಿ ಸೋದರಮಾವ, "ಏನೋ, ಹಾಡ ಕೇಳ್ಕೋತ ನನ್ ಕೂಡ ಮಾತಾಡ್ತೀಯೇನು?" ಎಂದು ಸಿಟ್ಟಾದರು. "ಇಲ್ರೀ ಮಾವಾ, ನಿಮ್ಮ ಮಾತು ಕೇಳ್ಲಿ ಅಂತನ ಹಾಕ್ಕೊಂಡೀನಿ" ಎಂದು ತೋರಿಸಿದ ಮೇಲೆ ಸುಮ್ಮನಾದರು. ಈಗ ನಾನು ಮಾತು ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ.

ಐಫೋನ್ ಇಲ್ಲದವರಿಗೂ ದಾರಿಯಿದೆ. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ 2019ರಿಂದ ಸೌಂಡ್ ಆಂಪ್ಲಿಫೈಯರ್ ಎಂಬ ಪುಕ್ಕಟೆ ಆ್ಯಪ್ ಕೊಡುತ್ತಿದೆ. ಅದಕ್ಕೆ ಕೆಲವು ನೂರು ರೂಪಾಯಿಯ ವೈರ್ ಇರುವ ಇಯರ್‌ಫೋನ್ ಸಾಕು, ಮತ್ತು ಈ ಕೆಲಸಕ್ಕೆ ವೈರ್ ಇರುವುದೇ ಒಳ್ಳೆಯದು. ಫೋನಿನ ಮೈಕಿನಿಂದ ಬ್ಲೂಟೂತ್ ಮೂಲಕ ಬರುವ ಸದ್ದು ತುಸು ತಡವಾಗಿ ಬರುತ್ತದೆ. ಎದುರಿನವರ ತುಟಿ ಮುಂದೆ, ಮಾತು ಹಿಂದೆ ಆದರೆ ತಲೆ ಸುತ್ತುತ್ತದೆ. ಸಭೆಗಳಲ್ಲಿ ಫೋನನ್ನು ಭಾಷಣಕಾರರ ಮೇಜಿನ ಮೇಲಿಟ್ಟು ನೋಡಿ. ಬಾಯಿಗೆ ಹತ್ತಿರವಿರುವ ಮೈಕಿಗೆ ಸಭೆಯ ಗದ್ದಲಕ್ಕಿಂತ ಮಾತೇ ಹೆಚ್ಚು ಸಿಗುತ್ತದೆ. ಅಷ್ಟು ದೂರ ವೈರ್ ಎಟುಕುವುದಿಲ್ಲ, ಅಲ್ಲಿ ಬ್ಲೂಟೂತೇ ಗತಿ. ಭಾಷಣಕ್ಕೆ ಆ ತಡ ನಡೆಯುತ್ತದೆ.

ಬಡ್ಸ್‌ನ ಮಿತಿಯನ್ನೂ ಹೇಳಬೇಕು. ನನ್ನ ಜೋಡಿಯಲ್ಲಿ ಆರು ತಾಸಿನೊಳಗೆ ಚಾರ್ಜ್ ಮುಗಿಯುತ್ತದೆ. ಕಿವಿ ಪೂರ್ತಿ ಮುಚ್ಚುವುದರಿಂದ ನಮ್ಮ ದನಿಯೇ ಕೊಡದೊಳಗಿನಿಂದ ಬಂದಂತೆ ಕೇಳುತ್ತದೆ, ಮುಂಬಯಿಯ ಸೆಕೆಯಲ್ಲಿ ಕಿವಿ ಬೆವರುತ್ತದೆ. ಹತ್ತು ಜನ ಒಟ್ಟಿಗೆ ಮಾತಾಡುವ ಕಡೆ ಒಳ್ಳೆಯ ಶ್ರವಣಯಂತ್ರದ ಮುಂದೆ ಇದು ಸೋಲುತ್ತದೆ. ಹೊರಗಿನ ಸದ್ದು ತಡೆಯುವ ಮೋಡ್ ಹಾಕಿಕೊಂಡು ರಸ್ತೆಯಲ್ಲಾಗಲಿ ಪ್ಲಾಟ್‌ಫಾರ್ಮ್ ಅಂಚಿನಲ್ಲಾಗಲಿ ಎಂದೂ ನಡೆಯಬೇಡಿ. ಮಕ್ಕಳಿಗೆ, ತೀರಾ ಕೇಳದವರಿಗೆ ಇದು ಮದ್ದಲ್ಲ. ಸ್ಟೇಷನ್ ಹೊರಗೆ ಪರೀಕ್ಷೆಯಿಲ್ಲದೆ ಮಾರುವ ಅಗ್ಗದ ಯಂತ್ರಗಳಂತೂ ಬೇಡವೇ ಬೇಡ. ಅವು ಮಾತನ್ನೂ ಬಸ್ಸಿನ ಹಾರ್ನನ್ನೂ ಒಂದೇ ಸಮ ಏರಿಸಿ, ಉಳಿದ ಕಿವಿಯನ್ನೂ ಕೆಡಿಸಬಲ್ಲವು.

ಇನ್ನೂ ಮುಖ್ಯವಾದದ್ದು: ಒಂದೆರಡು ದಿನದಲ್ಲೇ ಥಟ್ಟನೆ ಕೇಳುವುದು ನಿಂತರೆ, ಒಂದೇ ಕಿವಿ ಮಂದವಾದರೆ, ಕಿವಿ ಸೋರಿದರೆ, ತಲೆಸುತ್ತು ಬಂದರೆ ಬಡ್ಸ್ ಹುಡುಕುತ್ತ ಕೂರಬೇಡಿ, ಅಂದೇ ಇಎನ್‌ಟಿ ವೈದ್ಯರ ಹತ್ತಿರ ಓಡಿ. ಥಟ್ಟನೆ ಹೋದ ಕಿವಿಗೆ ಚಿಕಿತ್ಸೆ ತಡವಾದಷ್ಟೂ ವಾಪಸ್ಸು ಬರುವ ಸಾಧ್ಯತೆ ಕಡಿಮೆ. ಕೆಲವರಿಗೆ ಗುಗ್ಗೆ ತೆಗೆಸಿದರೇ ಸಾಕಾಗುತ್ತದೆ. ಪರೀಕ್ಷೆಗೆ ಕಳವಾದಲ್ಲಿ ಥಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಿದೆ. ಬಾಂದ್ರಾ ರಿಕ್ಲಮೇಶನ್‌ನಲ್ಲಿ 1983ರಿಂದ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯಿದೆ, ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ದಾದರಿನಲ್ಲಿ ಗಾಡಿ ಬದಲಿಸಿ ಬಾಂದ್ರಾಕ್ಕೆ ಹೋಗುವುದು ನಮ್ಮವರಿಗೆ ದೊಡ್ಡ ಮಾತಲ್ಲ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಕನ್ನಡ ಸಂಘಗಳವರಿಗೆ ನನ್ನದೊಂದು ಬಿನ್ನಹ. ನೀವು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ಬಿಪಿ, ಕಣ್ಣು ನೋಡುತ್ತೀರಿ. ಕಿವಿಯನ್ನೂ ಸೇರಿಸಿಕೊಳ್ಳಿ. ಒಬ್ಬ ಆಡಿಯಾಲಜಿಸ್ಟ್ ಮತ್ತು ಧ್ವನಿವರ್ಧಕದಿಂದ ದೂರವಿರುವ ಒಂದು ಶಾಂತ ಕೋಣೆ ಸಿಕ್ಕರೆ ಪ್ರಾಥಮಿಕ ತಪಾಸಣೆ ಆಗುತ್ತದೆ. ಬಡ್ಸ್ ಹೊಂದಿಸಿಕೊಡಲು ಸಂಘದ ಹುಡುಗ ಹುಡುಗಿಯರನ್ನೇ ಕೂಡಿಸಿ, ಅವರಿಗೆ ಫೋನಿನ ಒಳಹೊರಗು ಗೊತ್ತು. ಮಾರ್ಚ್ 3 ವಿಶ್ವ ಶ್ರವಣ ದಿನ. ಮೊದಲ ಶಿಬಿರವನ್ನು ಅಂದೇ ಇಟ್ಟುಕೊಳ್ಳಿ.