ಕಿರುತಟ್ಟೆಗಳು ಅಂಟುವುದು ಹೇಗೆ? ತರಗತಿಯಲ್ಲಿ ಕೊಟ್ಟ ತಪ್ಪು ಉತ್ತರಕ್ಕೊಂದು ತಿದ್ದುಪಡಿ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಕಿರುತಟ್ಟೆಗಳಿಗೆ ಸಿಗುವುದು ಒಂದು ಸಣ್ಣ ಪ್ಯಾರಾ. ಗಾಯವಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗಿ ಸೋರಿಕೆಯನ್ನು ತಡೆಯುತ್ತವೆ ಎಂದು ಹೇಳಿ ಪಾಠ ಮುಂದೆ ಹೋಗುತ್ತದೆ. ನನ್ನ ಪಾಠಯೋಜನೆಯಲ್ಲೂ ಅದಕ್ಕೆ ನಾಲ್ಕೇ ನಿಮಿಷ ಇಟ್ಟಿದ್ದೆ. ಆ ನಾಲ್ಕು ನಿಮಿಷದಲ್ಲಿ ಎರಡು ಪ್ರಶ್ನೆಗಳು ಬಂದವು.

ಮೊದಲನೆಯದನ್ನು ಹಿಂದಿನ ಬೆಂಚಿನ ಹುಡುಗ ಕೇಳಿದ: “ಮಿಸ್, ಕಿರುತಟ್ಟೆಗೆ ಅಂಟೋ ಗುಣ ಇದ್ರೆ ಗಾಯ ಇಲ್ಲದಾಗ ಯಾಕೆ ಅಂಟಲ್ಲ?” ಎರಡನೆಯದು ಒಬ್ಬ ಹುಡುಗಿಯದು: “ನಮ್ಮಪ್ಪಂಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದಾರೆ ಮಿಸ್. ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಗಡ್ಡ ಮಾಡ್ಕೊಳ್ಳುವಾಗ ಸ್ವಲ್ಪ ಕುಯ್ದರೂ ರಕ್ತ ಬೇಗ ನಿಲ್ಲಲ್ಲ. ರಕ್ತ ನೀರಾಗಿಬಿಟ್ಟಿದೆ, ಮಾತ್ರೆ ಬಿಟ್ಬಿಡು ಅಂತಾರೆ ಅಜ್ಜಿ. ನಿಜವಾಗ್ಲೂ ನೀರಾಗುತ್ತಾ?”

ಮೊದಲ ಪ್ರಶ್ನೆಗೆ “ಅದು ದೇಹದ ವ್ಯವಸ್ಥೆ” ಎಂದೆ. ಎರಡನೆಯದಕ್ಕೆ “ಹೌದು, ಸ್ವಲ್ಪ ತೆಳುವಾಗುತ್ತದೆ” ಎಂದೆ. ವೀಕ್ಷಣೆಗೆ ಕುಳಿತಿದ್ದ ಸಹಪಾಠಿ ತನ್ನ ಹಾಳೆಯಲ್ಲಿ “ಉತ್ತರ ಸಮರ್ಪಕವಾಗಿಲ್ಲ” ಎಂದು ಬರೆದಿದ್ದಳು. ಸಮರ್ಪಕವಲ್ಲದ್ದಷ್ಟೇ ಅಲ್ಲ, ಅದು ತಪ್ಪು ಉತ್ತರ. ಆ ಹುಡುಗಿ ಮನೆಗೆ ಹೋಗಿ “ಮಿಸ್ ಕೂಡ ಹಾಗೇ ಅಂದ್ರು” ಎಂದರೆ ಏನಾದೀತು? ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಈ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪು ಕಟ್ಟಿ ಜೀವಕ್ಕೆ ಅಪಾಯವಾಗಬಹುದು. ಮರುದಿನ ಅದೇ ತರಗತಿಗೆ ನನಗೆ ಇನ್ನೊಂದು ಪಾಠವಿತ್ತು. ಅಷ್ಟರೊಳಗೆ ಓದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಒಬ್ಬರೇ ವೈದ್ಯವಿಜ್ಞಾನಿಯ ಕೆಲಸದಲ್ಲಿ. ಅವರು ಅಮೆರಿಕದ ಬ್ಯಾರಿ ಕೋಲರ್.

ಡೆಂಗೆ ಕಾಲದಲ್ಲಿ ‘ಪ್ಲೇಟ್‌ಲೆಟ್ ಕೌಂಟ್’ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಕಿರುತಟ್ಟೆಗಳಿರುತ್ತವೆ. ಹಾಗಾಗಿ ಸಂಖ್ಯೆ ಸರಿಯಿದ್ದರೆ ಎಲ್ಲವೂ ಸರಿ ಎಂದು ನಾವು ತಿಳಿಯುತ್ತೇವೆ. ಆದರೆ 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದರು. ಕಿರುತಟ್ಟೆಗಳ ಸಂಖ್ಯೆ ಸರಿಯಾಗಿಯೇ ಇದೆ, ಆದರೂ ಮೂಗಿನಿಂದ, ವಸಡಿನಿಂದ ರಕ್ತ ಸೋರುತ್ತದೆ. ತಟ್ಟೆಗಳಿವೆ, ಕೆಲಸ ಮಾಡುತ್ತಿಲ್ಲ. ಇದಕ್ಕೆ ಈಗ ಗ್ಲಾಂಜ್‌ಮನ್ ಥ್ರಾಂಬಾಸ್ತೇನಿಯಾ ಎಂದು ಹೆಸರು. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ನರ್ಡನ್ ಮತ್ತು ಕಾನ್ ಎಂಬ ಸಂಶೋಧಕರು, ಈ ರೋಗಿಗಳ ಕಿರುತಟ್ಟೆಯ ಹೊರಪೊರೆಯಲ್ಲಿ ಇರಬೇಕಾದ ಪ್ರೋಟೀನು ಸರಿಯಾಗಿಲ್ಲ ಎಂದು ತೋರಿಸಿದರು.

ಆ ಪ್ರೋಟೀನು ಒಂದು ಗ್ರಾಹಕ. (ಈ ಪದ ಕೇಳಿದರೆ ಮಕ್ಕಳಿಗೆ ಬ್ಯಾಂಕಿನ ‘ಗ್ರಾಹಕರ ಗಮನಕ್ಕೆ’ ಫಲಕವೇ ನೆನಪಾಗುತ್ತದೆ. ನಾನು ‘ಹಿಡಿಯುವ ಕೈ’ ಎಂದು ಹೇಳಿ, ಆಮೇಲೆ ಪಾರಿಭಾಷಿಕ ಪದ ಕೊಟ್ಟೆ.) ಜೀವಕೋಶಗಳು ಒಂದನ್ನೊಂದು ಅಥವಾ ಸುತ್ತಲಿನ ವಸ್ತುವನ್ನು ಹಿಡಿದುಕೊಳ್ಳಲು ಬಳಸುವ ಇಂಥ ಕೈಗಳ ಒಂದು ದೊಡ್ಡ ಕುಟುಂಬಕ್ಕೆ ಇಂಟೆಗ್ರಿನ್‌ಗಳು ಎಂದು ಹೆಸರು. ಕಿರುತಟ್ಟೆಯ ಇಂಟೆಗ್ರಿನ್ನಿನ ಪೂರ್ಣ ಹೆಸರು ಆಲ್ಫಾ-ಎರಡು-ಬಿ ಬೀಟಾ-ಮೂರು. ಮಕ್ಕಳಿಗೆ ಈ ಹೆಸರು ಬೇಕಿಲ್ಲ. ಒಂದೊಂದು ಕಿರುತಟ್ಟೆಯ ಮೇಲೆ ಇಂಥ ಕೈಗಳು ಸುಮಾರು 80,000 ಇವೆ ಎಂಬುದು ಮಾತ್ರ ಅವರಿಗೆ ಬಹಳ ಹಿಡಿಸಿತು.

ಈ ಕೈ ಹಿಡಿಯುವುದು ಫೈಬ್ರಿನೋಜನ್ ಎಂಬ ಉದ್ದನೆಯ ಪ್ರೋಟೀನನ್ನು. ಅದು ಪ್ಲಾಸ್ಮಾದಲ್ಲಿ ಯಾವಾಗಲೂ ಇರುತ್ತದೆ, ಅದರ ಎರಡೂ ತುದಿಗಳು ಒಂದೇ ರೀತಿ ಇರುತ್ತವೆ. ಒಂದು ತುದಿಯನ್ನು ಒಂದು ಕಿರುತಟ್ಟೆ, ಇನ್ನೊಂದು ತುದಿಯನ್ನು ಇನ್ನೊಂದು ಕಿರುತಟ್ಟೆ ಹಿಡಿದರೆ ಸೇತುವೆಯಾಯಿತು. ಸಾವಿರಾರು ಸೇತುವೆಗಳು ಸೇರಿದರೆ ಗಾಯ ಮುಚ್ಚುವ ಬಿರಡೆ.

ಕೋಲರ್ ಈ ಹಿಡಿತವನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿದ್ದಾಗ ಅವರು ಅತಿ ಸಣ್ಣ ಮಣಿಗಳಿಗೆ ಫೈಬ್ರಿನೋಜನ್ ಲೇಪಿಸಿ ಕಿರುತಟ್ಟೆಗಳೊಂದಿಗೆ ಬೆರೆಸಿದರು. ಆರೋಗ್ಯವಂತರ ಕಿರುತಟ್ಟೆ ಹಾಕಿದರೆ ಹಾಲು ಒಡೆದಂತೆ ಮಣಿಗಳು ಗಂಟುಗಂಟಾದವು. ಗ್ಲಾಂಜ್‌ಮನ್ ರೋಗಿಗಳ ಕಿರುತಟ್ಟೆ ಹಾಕಿದರೆ ಹಾಗಾಗಲಿಲ್ಲ. ಇಷ್ಟು ಸರಳವಾದ ಪ್ರಯೋಗ ಆಮೇಲಿನ ಕೆಲಸಕ್ಕೆಲ್ಲ ಆಧಾರವಾಯಿತು. ಇಲಿಗಳಲ್ಲಿ ಮಾನವ ಕಿರುತಟ್ಟೆಗಳ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಿ, ಒಂದೊಂದನ್ನೂ ಇದೇ ಪರೀಕ್ಷೆಗೆ ಒಡ್ಡಿದರು. ಯಾವ ಪ್ರತಿಕಾಯ ಹಾಕಿದಾಗ ಗಂಟು ಕಟ್ಟುವುದು ನಿಲ್ಲುತ್ತದೋ ಅದು ಆ ಕೈಯನ್ನೇ ಮುಚ್ಚಿದೆ ಎಂದರ್ಥ. 1983ರಲ್ಲಿ 10ಇ5, 1985ರಲ್ಲಿ 7ಇ3 ಎಂಬ ಪ್ರತಿಕಾಯಗಳ ಬಗ್ಗೆ ಅವರು ಪ್ರಕಟಿಸಿದರು.

ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಉತ್ತರ ಇರುವುದು 7ಇ3ರಲ್ಲಿ. ಆ ಪ್ರತಿಕಾಯ ಸುಮ್ಮನಿರುವ ಕಿರುತಟ್ಟೆಗೆ ನಿಧಾನವಾಗಿ, ಪ್ರಚೋದನೆಗೊಂಡ ಕಿರುತಟ್ಟೆಗೆ ಬೇಗನೆ ಅಂಟುತ್ತಿತ್ತು. ಅಂದರೆ ಪ್ರಚೋದನೆಯಾದಾಗ ಆ ಗ್ರಾಹಕದ ಆಕಾರವೋ ಅದರ ಸುತ್ತಲಿನ ಸ್ಥಿತಿಯೋ ಬದಲಾಗುತ್ತಿದೆ ಎಂದು ಕೋಲರ್ ಬರೆದರು. ಗ್ರಾಹಕ ಸಾಮಾನ್ಯವಾಗಿ ಮಡಚಿಕೊಂಡ ಸ್ಥಿತಿಯಲ್ಲಿರುತ್ತದೆ, ಸಂಕೇತ ಬಂದಾಗ ಬಿಚ್ಚಿಕೊಳ್ಳುತ್ತದೆ ಎಂಬುದು ಇಂದು ಸ್ಪಷ್ಟವಾಗಿದೆ. ಕೈಯೂ ಇದೆ, ಹಗ್ಗವೂ ಇದೆ. ಆದರೆ ಕೈ ಕಟ್ಟಿಕೊಂಡಿರುವುದರಿಂದ ನಮ್ಮ ರಕ್ತ ಹರಿಯುತ್ತಿದೆ. ರಕ್ತನಾಳದ ಗೋಡೆ ಹರಿದು ಒಳಗಿನ ಕೊಲಾಜನ್ ಹೊರಬಂದಾಗ, ಥ್ರಾಂಬಿನ್, ಎಡಿಪಿ, ಥ್ರಾಂಬಾಕ್ಸೇನ್ ಮುಂತಾದ ಸಂಕೇತಗಳು ತಲುಪಿದಾಗ ಕೈ ಬಿಚ್ಚುತ್ತದೆ.

ಹೃದಯದ ಅಪಧಮನಿಯಲ್ಲಿ ಕೊಬ್ಬು ತುಂಬಿದ ಗಡ್ಡೆ ಒಡೆದರೆ ಕಿರುತಟ್ಟೆಗಳಿಗೆ ಅದೂ ಒಂದು ಗಾಯವೇ. ಅವು ಅದೇ ಕೆಲಸ ಮಾಡುತ್ತವೆ, ನಾಳ ಮುಚ್ಚಿಹೋಗುತ್ತದೆ. ಬಲೂನಿನಿಂದ ನಾಳ ಹಿಗ್ಗಿಸುವ ಆಂಜಿಯೋಪ್ಲಾಸ್ಟಿಯಲ್ಲೂ ಗೋಡೆಗೆ ಗಾಯವಾಗುತ್ತದೆ. ಗ್ಲಾಂಜ್‌ಮನ್ ರೋಗಿಗಳ ಸ್ಥಿತಿಯನ್ನು ಕೆಲವು ಗಂಟೆಗಳ ಮಟ್ಟಿಗೆ ಬೇಕೆಂದೇ ತಂದರೆ ಹೇಗೆ ಎಂದು ಕೋಲರ್ ಯೋಚಿಸಿದರು. ಹುಟ್ಟಿನಿಂದ ಈ ಗ್ರಾಹಕವಿಲ್ಲದವರಿಗೆ ರಕ್ತಸ್ರಾವದ ತೊಂದರೆ ಇದ್ದರೂ ಮೆದುಳಿನಲ್ಲಿ ತಾನಾಗಿಯೇ ರಕ್ತಸ್ರಾವವಾಗುವುದು ವಿರಳ ಎಂಬ ಅನುಭವ ಅವರಿಗೆ ಧೈರ್ಯ ಕೊಟ್ಟಿತು.

ಪೂರ್ಣ ಪ್ರತಿಕಾಯ ಅಂಟಿದ ಕಿರುತಟ್ಟೆಗಳನ್ನು ದೇಹ ರಕ್ತದಿಂದ ತೆಗೆದುಹಾಕಿಬಿಡಬಹುದು. ಆದ್ದರಿಂದ ಪ್ರತಿಕಾಯದ ಬಾಲ ಕತ್ತರಿಸಿ ಹಿಡಿಯುವ ಭಾಗವನ್ನಷ್ಟೇ ಉಳಿಸಿದರು, ಅದರಲ್ಲೂ ಒಂದಂಶವನ್ನು ಮಾನವ ಪ್ರೋಟೀನಿನಿಂದ ಕಟ್ಟಿದರು. ಅದೇ ಆಬ್ಸಿಕ್ಸಿಮ್ಯಾಬ್. 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 2,099 ಅಪಾಯದಂಚಿನ ಆಂಜಿಯೋಪ್ಲಾಸ್ಟಿ ರೋಗಿಗಳಿದ್ದರು. ಇಂಜೆಕ್ಷನ್ ಮತ್ತು ಡ್ರಿಪ್ ಎರಡನ್ನೂ ಪಡೆದವರಲ್ಲಿ ಸಾವು, ಹೃದಯಾಘಾತ ಮತ್ತು ತುರ್ತಾಗಿ ಮತ್ತೆ ಚಿಕಿತ್ಸೆ ಮಾಡಬೇಕಾದ ಪ್ರಸಂಗಗಳು ಒಟ್ಟಾಗಿ 35% ಕಡಿಮೆಯಾದವು. ಆದರೆ ದೊಡ್ಡ ಪ್ರಮಾಣದ ರಕ್ತಸ್ರಾವ ಇಮ್ಮಡಿಯಾಯಿತು. ಆಮೇಲೆ ಹೆಪಾರಿನ್ ಪ್ರಮಾಣ ತಗ್ಗಿಸಿದಾಗ ಅದು ಇಳಿಯಿತು. ಲಾಭದ ಅಂಕಿ ಹೇಳಿ ನಷ್ಟದ್ದನ್ನು ಬಿಟ್ಟರೆ ವಿಜ್ಞಾನ ಪಾಠ ಜಾಹೀರಾತಾಗುತ್ತದೆ, ಹಾಗಾಗಿ ಎರಡನ್ನೂ ಬೋರ್ಡಿನ ಮೇಲೆ ಬರೆದೆ. 1994ರ ಕೊನೆಯಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಅನುಮತಿ ದೊರೆಯಿತು. ಈಗ ಬೇರೆ ಮಾತ್ರೆಗಳೂ ಸ್ಟೆಂಟುಗಳೂ ಬಂದು ಅದರ ಬಳಕೆ ತಗ್ಗಿದೆ.

ಹುಡುಗಿಯ ತಂದೆ ತೆಗೆದುಕೊಳ್ಳುವುದು ಇದನ್ನಲ್ಲ. ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಕೊಡುವ ಆಸ್ಪಿರಿನ್ ಥ್ರಾಂಬಾಕ್ಸೇನ್ ತಯಾರಾಗದಂತೆ ತಡೆಯುತ್ತದೆ, ಕ್ಲೋಪಿಡೋಗ್ರೆಲ್ ಎಡಿಪಿಯ ಸಂಕೇತ ತಲುಪದಂತೆ ತಡೆಯುತ್ತದೆ. ಕೈ ಬಿಚ್ಚು ಎನ್ನುವ ಕೂಗುಗಳಲ್ಲಿ ಕೆಲವನ್ನು ಇವು ಅಡಗಿಸುತ್ತವೆ. ರಕ್ತದ ನೀರಿನ ಅಂಶ ಹೆಚ್ಚುವುದಿಲ್ಲ, ಕೆಂಪು ರಕ್ತಕಣ ಕರಗುವುದಿಲ್ಲ. ಕಿರುತಟ್ಟೆಗಳು ಕೈಹಿಡಿಯಲು ತಡಮಾಡುವುದರಿಂದ ಗಡ್ಡದ ಗಾಯದಲ್ಲಿ ರಕ್ತ ನಿಲ್ಲುವುದು ತಡ, ಅಷ್ಟೆ. ‘ರಕ್ತ ತೆಳು ಮಾಡುವ ಮಾತ್ರೆ’ ಎಂಬ ರೂಢಿಯ ಮಾತು ನಮ್ಮನ್ನೆಲ್ಲ ದಾರಿ ತಪ್ಪಿಸಿದೆ.

ಮರುದಿನದ ತರಗತಿಯಲ್ಲಿ ಮೊದಲು “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೆ. ಆಮೇಲೆ ಎಂಟು ಮಕ್ಕಳನ್ನು ಕೈಕಟ್ಟಿ ನಿಲ್ಲಿಸಿ, ನಡುವೆ ಸಣ್ಣ ಹಗ್ಗಗಳನ್ನು ಹರಡಿದೆ. ಸೀಟಿ ಊದಿದಾಗ ಕೈ ಬಿಚ್ಚಿ ಹಗ್ಗದ ಒಂದು ತುದಿ ಹಿಡಿಯಬೇಕು. ಎರಡನೇ ಸುತ್ತಿನಲ್ಲಿ ಇಬ್ಬರು ಕೈಗಳನ್ನು ಬೆನ್ನ ಹಿಂದೆ ಇಟ್ಟರು: ಗ್ಲಾಂಜ್‌ಮನ್. ಮೂರನೆಯದರಲ್ಲಿ ಎಲ್ಲರ ಕೈಗೂ ಪುಸ್ತಕ ಕೊಟ್ಟೆ: ಆಬ್ಸಿಕ್ಸಿಮ್ಯಾಬ್. ನಾಲ್ಕನೆಯದರಲ್ಲಿ ಸೀಟಿಯನ್ನೇ ಮೆಲ್ಲಗೆ ಊದಿದೆ: ಅಪ್ಪನ ಮಾತ್ರೆ. ಮೊದಲ ಸುತ್ತಿನಲ್ಲಿ ಹಗ್ಗ ಜಗ್ಗಾಟ ಶುರುವಾಗಿ ಒಬ್ಬ ಬಿದ್ದ. ಇದನ್ನು ಮಾಡುವವರು “ಹಿಡಿಯಿರಿ, ಎಳೆಯಬೇಡಿ” ಎಂದು ಮೊದಲೇ ಹೇಳುವುದು ಒಳ್ಳೆಯದು. ಹನ್ನೆರಡು ನಿಮಿಷ ಹಿಡಿಯಿತು, ದುಗ್ಧರಸದ ಪಾಠ ಉಳಿದುಹೋಯಿತು.

ಈ ಕಾಯಿಲೆ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬರಬೇಕು ಎಂದೂ ಹೇಳಬೇಕೆಂದಿದ್ದೆ. ನಮ್ಮಲ್ಲಿ ಸೋದರಮಾವನ ಜೊತೆ, ಅತ್ತೆಮಗನ ಜೊತೆ ಮದುವೆಯಾಗುವ ರೂಢಿ ಇರುವುದರಿಂದ ಅದು ಮುಖ್ಯವೇ. ಆದರೆ ಮಕ್ಕಳಲ್ಲಿ ಅಂಥ ಮನೆಯವರು ಇರುತ್ತಾರೆ, ಅವಸರದಲ್ಲಿ ಹೇಳುವ ಮಾತಲ್ಲವೆಂದು ಅನುವಂಶೀಯತೆಯ ಪಾಠಕ್ಕೆ ಬಿಟ್ಟೆ.

ಪಾಠ ಮುಗಿದ ಮೇಲೆ ಹುಡುಗಿ ನೋಟ್‌ಬುಕ್ ತಂದು ಚಾಚಿದಳು. “ಅಜ್ಜಿಗೆ ಓದಿ ಹೇಳ್ತೀನಿ, ಬರ್ಕೊಡಿ ಮಿಸ್” ಎಂದಳು. “ರಕ್ತ ನೀರಾಗಿಲ್ಲ. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ರಕ್ತ ಬಹಳ ಹೊತ್ತು ಸೋರಿದರೆ ಅವರಿಗೆ ತಿಳಿಸಿ” ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.